ಊರ ಶಾಲೆಯ ಋಣ: ಕೊಡುಗೆಯ ಫಲಕದಿಂದ ಹಾಜರಿ ಪುಸ್ತಕದವರೆಗೆ

ಹಳ್ಳಿಯ ಹಳೆಯ ಪ್ರಾಥಮಿಕ ಶಾಲೆಯ ಗೋಡೆಗಳನ್ನು ಓದುತ್ತ ಹೋಗುವುದೇ ಒಂದು ಇತಿಹಾಸ ಪಾಠ. ಗಡಿಯಾರದ ಕೆಳಗೆ, ಬೆಂಚಿನ ಬೆನ್ನಿಗೆ, ಕಬ್ಬಿಣದ ಕಪಾಟಿನ ಬಾಗಿಲಿಗೆ, ಧ್ವಜಸ್ತಂಭದ ಕಟ್ಟೆಗೆ, ಕುಡಿಯುವ ನೀರಿನ ತೊಟ್ಟಿಗೆ - ಎಲ್ಲ ಕಡೆಯೂ ಬಣ್ಣದಲ್ಲಿ ಬರೆದ ಒಂದೇ ಪದ: ‘ಕೊಡುಗೆ’. ಅದರ ಮುಂದೆ ಒಂದು ಹೆಸರು. ಎಷ್ಟೋ ಸಲ ಆ ಹೆಸರಿನ ಜೊತೆಗೆ ‘ಹಳೆ ವಿದ್ಯಾರ್ಥಿ’ ಎಂಬ ವಿಶೇಷಣ. ಕೊಟ್ಟವರು ತೀರಿಹೋಗಿರಬಹುದು, ಗಡಿಯಾರ ನಿಂತುಹೋಗಿರಬಹುದು. ಅಕ್ಷರ ಮಾತ್ರ ಉಳಿದಿರುತ್ತದೆ.

2018ರಲ್ಲಿ ತೆರೆಕಂಡ ರಿಷಬ್ ಶೆಟ್ಟಿ ನಿರ್ದೇಶನದ ಚಿತ್ರವೊಂದು ತನ್ನ ಹೆಸರನ್ನೇ ಇಂಥ ಫಲಕದಿಂದ ಎತ್ತಿಕೊಂಡಿತ್ತು: ‘ಸರ್ಕಾರಿ ಹಿ. ಪ್ರಾ. ಶಾಲೆ ಕಾಸರಗೋಡು, ಕೊಡುಗೆ: ರಾಮಣ್ಣ ರೈ’. ಮುಚ್ಚುವ ಭೀತಿಯಲ್ಲಿರುವ ಗಡಿನಾಡಿನ ಕನ್ನಡ ಶಾಲೆಯ ಕಥೆ ಅದು. ಮಕ್ಕಳ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯೂ ಅದಕ್ಕೆ ಬಂತು. ಜನ ಮುಗಿಬಿದ್ದು ನೋಡಿದ್ದಕ್ಕೆ ಕಾರಣ ಕಥೆಯಷ್ಟೇ ಅಲ್ಲ. ನೋಡುಗರಲ್ಲಿ ಬಹುಪಾಲು ಮಂದಿಗೆ ಅಂಥದೊಂದು ಶಾಲೆ ಸ್ವಂತ ಅನುಭವ. ಅದೇ ಮಂದಿಯಲ್ಲಿ ಬಹುಪಾಲು ಜನ ತಮ್ಮ ಮಕ್ಕಳನ್ನು ಅಂಥ ಶಾಲೆಗೆ ಕಳುಹಿಸಿದವರಲ್ಲ.

ಒಂದು ಕಾಲಕ್ಕೆ ಕೂರಲು ಜಾಗವಿಲ್ಲದೆ ಜಗಲಿಯಲ್ಲಿ, ಮರದ ಕೆಳಗೆ ತರಗತಿ ನಡೆಸುತ್ತಿದ್ದ ಶಾಲೆಗಳಲ್ಲಿ ಇಂದು ಇಪ್ಪತ್ತು, ಮೂವತ್ತು ಮಕ್ಕಳು. ಇಂಥ ಶಾಲೆಗಳನ್ನು ಎತ್ತಿನಿಲ್ಲಿಸಲು ಹಳೆಯ ವಿದ್ಯಾರ್ಥಿಗಳು ಮುಂದಾಗುತ್ತಿರುವುದು ಈಚಿನ ವರ್ಷಗಳ ಒಂದು ಗಮನಾರ್ಹ ಬೆಳವಣಿಗೆ. ಕೆಲವು ಕಡೆ ಅದು ಫಲ ಕೊಟ್ಟಿದೆ. ಹಲವು ಕಡೆ ಸುಣ್ಣ ಬಣ್ಣ ಹೊಸದಾಯಿತೇ ಹೊರತು ಹಾಜರಿ ಪುಸ್ತಕ ತುಂಬಲಿಲ್ಲ. ಈ ವ್ಯತ್ಯಾಸ ಏಕೆ ಎಂಬುದನ್ನು ತಿಳಿಯಬೇಕಾದರೆ ಊರ ಶಾಲೆ ಹುಟ್ಟಿದ ಬಗೆಯನ್ನು ಸ್ವಲ್ಪ ನೆನೆಯಬೇಕು.

ಊರೇ ಕಟ್ಟಿದ ಶಾಲೆ

ಇಂಗ್ಲಿಷರ ಆಡಳಿತಕ್ಕೆ ಮೊದಲೂ ನಮ್ಮಲ್ಲಿ ಓದುಬರಹದ ಏರ್ಪಾಡು ಇತ್ತು. ಐಗಳ ಮಠ, ಕೂಲಿಮಠ ಎಂದೆಲ್ಲ ಅದಕ್ಕೆ ಹೆಸರು. ದೇವಸ್ಥಾನದ ಪೌಳಿಯಲ್ಲೋ ಅನುಕೂಲಸ್ಥರ ಮನೆಯ ಚಾವಡಿಯಲ್ಲೋ ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು, ಮಗ್ಗಿ ಒಪ್ಪಿಸುತ್ತಿದ್ದರು. ಐಗಳಿಗೆ ಅಕ್ಕಿ, ತೆಂಗಿನಕಾಯಿ, ಹಬ್ಬಕ್ಕೊಂದು ಪಂಚೆ. ಮಳೆ ಬೆಳೆ ಚೆನ್ನಾಗಿದ್ದರೆ ಮಠ ನಡೆಯಿತು, ಇಲ್ಲವಾದರೆ ಮುಚ್ಚಿತು.

ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದಿಳಿದು, 1836ರಲ್ಲಿ ಅಲ್ಲಿ ಕನ್ನಡ ಶಾಲೆ ತೆರೆದರು. 1854ರಲ್ಲಿ ಲಂಡನ್ನಿನಿಂದ ಬಂದ ಚಾರ್ಲ್ಸ್ ವುಡ್‌ನ ಶಿಕ್ಷಣ ಸುತ್ತೋಲೆ ಒಂದು ಹೊಸ ಪದ್ಧತಿಗೆ ದಾರಿ ಮಾಡಿತು: ಶಾಲೆಯನ್ನು ಖಾಸಗಿಯವರು ನಡೆಸಲಿ, ಸರ್ಕಾರ ಅನುದಾನ ಕೊಡಲಿ. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ ‘ಅನುದಾನಿತ’ ಶಾಲೆಗಳು ಹಳ್ಳಿಹಳ್ಳಿಯಲ್ಲಿ ಹುಟ್ಟಿಕೊಂಡದ್ದು ಇದರಿಂದಲೇ. ಊರಿನ ಒಬ್ಬ ಗೃಹಸ್ಥರು ಜಾಗ ಕೊಟ್ಟು, ಮುಳಿಹುಲ್ಲು ಹೊದಿಸಿದ ಮಾಡು ಎಬ್ಬಿಸಿ, ಶಾಲೆಯ ‘ಮ್ಯಾನೇಜರ್’ ಆಗುತ್ತಿದ್ದರು. ಬಹಳ ಕಡೆ ಮ್ಯಾನೇಜರರೇ ಮಾಸ್ತರರು. ಶಾಲಾ ಇನ್‌ಸ್ಪೆಕ್ಟರರು ಬಂದು ಮಕ್ಕಳ ತಲೆ ಎಣಿಸಿ ಹೋಗುವ ದಿನ ಊರಿಗೇ ಹಬ್ಬ, ಊರಿಗೇ ಆತಂಕ. ಮಕ್ಕಳ ಸಾಹಿತ್ಯದ ಹಿರಿಯರಾದ ಪಂಜೆ ಮಂಗೇಶರಾಯರು (1874-1937) ಇನ್‌ಸ್ಪೆಕ್ಟರಿಕೆಯ ಕೆಲಸದಲ್ಲಿ ಸುತ್ತಾಡಿದ್ದು ಇಂಥ ಶಾಲೆಗಳನ್ನೇ.

ಘಟ್ಟದ ಮೇಲೆ ಮೈಸೂರು ಸೀಮೆಯಲ್ಲೂ ತತ್ವ ಇದಕ್ಕಿಂತ ಬೇರೆಯಾಗಿರಲಿಲ್ಲ. ಶಾಸನಗಳ ಸಂಗ್ರಹದಿಂದ ಹೆಸರಾದ ಬಿ. ಎಲ್. ರೈಸ್ ಅವರು ವಿದ್ಯಾ ಇಲಾಖೆಯಲ್ಲಿದ್ದಾಗ, 1868ರಲ್ಲಿ, ಹೋಬಳಿ ಶಾಲೆಗಳ ಯೋಜನೆ ಬಂತು. ರೈತರು ಶಾಲೆಗೊಂದು ಮನೆ ಒದಗಿಸಬೇಕು, ಮಾಸ್ತರರ ಸಂಬಳ ಸರ್ಕಾರದ್ದು ಎಂಬುದು ಅದರ ಸಾರ. 1913ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾನೂನೂ ಬಂತು.

ಹೀಗೆ ಕನ್ನಡ ನಾಡಿನ ಹಳೆಯ ಶಾಲೆ ಶುದ್ಧ ಸರ್ಕಾರಿಯೂ ಅಲ್ಲ, ಶುದ್ಧ ಖಾಸಗಿಯೂ ಅಲ್ಲ. ಅದು ಊರಿಗೂ ಸರ್ಕಾರಕ್ಕೂ ಆದ ಒಂದು ಒಪ್ಪಂದ. ಗೋಡೆ ಊರಿನದು, ಮೇಷ್ಟ್ರು ಸರ್ಕಾರದವರು. ಊರಿನ ಪಾಲನ್ನು ತುಂಬಲು ನೂರು ದಾರಿಗಳಿದ್ದವು. ಮನೆಮನೆಯಿಂದ ಹಿಡಿಯಕ್ಕಿ ಎತ್ತುತ್ತಿದ್ದರು. ಕರಾವಳಿಯಲ್ಲಿ ಶಾಲೆಯ ಸಹಾಯಾರ್ಥ ಯಕ್ಷಗಾನ ಬಯಲಾಟ ಆಡಿಸುತ್ತಿದ್ದರು. ವಾರ್ಷಿಕೋತ್ಸವದ ರಾತ್ರಿ ಮಕ್ಕಳ ನೃತ್ಯ, ಬಹುಮಾನ ವಿತರಣೆ ಮುಗಿದ ಮೇಲೆ ‘ಹಳೆ ವಿದ್ಯಾರ್ಥಿಗಳಿಂದ ನಾಟಕ’ ಇರಲೇಬೇಕು. ಹಳೆ ವಿದ್ಯಾರ್ಥಿ ಸಂಘ ಎಂಬುದು ಎಷ್ಟೋ ಊರುಗಳಲ್ಲಿ ಹುಟ್ಟಿದ್ದೇ ಈ ನಾಟಕದ ನೆಪದಲ್ಲಿ.

ಊರು ಬಿಟ್ಟವರೂ ಈ ಲೆಕ್ಕದಿಂದ ಹೊರಗಿರಲಿಲ್ಲ. ಹೊಟ್ಟೆಪಾಡಿಗಾಗಿ ಮುಂಬಯಿ ಸೇರಿದ ಕರಾವಳಿಯ ಹುಡುಗರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ರಾತ್ರಿಶಾಲೆಗಳಲ್ಲಿ ಓದಿದರು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಆ ನಗರದಲ್ಲಿ ಅವರಿಗೆ ಆಸರೆಯಾದವು. ಕಷ್ಟದಿಂದ ಮೇಲೆ ಬಂದವರು ಊರಿಗೆ ಕಳುಹಿಸಿದ ಮನಿಯಾರ್ಡರಿನಲ್ಲಿ ಮನೆಯ ಪಾಲಿನ ಜೊತೆಗೆ ದೈವಸ್ಥಾನದ ಪಾಲು, ಶಾಲೆಯ ಪಾಲು ಸೇರಿರುತ್ತಿತ್ತು.

ಬಂಗಾರದ ಕಾಲ ಎಲ್ಲರದ್ದಾಗಿತ್ತೇ?

ಶಾಲೆಯ ಗತವೈಭವವನ್ನು ನೆನೆಯುವಾಗ ಮರೆಯಬಾರದ ಇನ್ನೊಂದು ಮಾತಿದೆ. ಊರು ಕಟ್ಟಿದ ಶಾಲೆ ಊರಿನ ಎಲ್ಲರಿಗೂ ತೆರೆದಿರಲಿಲ್ಲ. ದಲಿತರ ಮಕ್ಕಳಿಗೆ ಜಗಲಿಯ ಹೊರಗೆ ಜಾಗ. ಎಷ್ಟೋ ಕಡೆ ಅದೂ ಇಲ್ಲ. ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನ ಉರ್ವ ಚಿಲಿಂಬಿಯಲ್ಲಿ ಆ ಮಕ್ಕಳಿಗಾಗಿಯೇ ಶಾಲೆ ತೆರೆಯಬೇಕಾಯಿತು. ಅದಕ್ಕಾಗಿ ಅವರು ಸ್ವಂತ ಸಮಾಜದ ಬಹಿಷ್ಕಾರವನ್ನು ಅನುಭವಿಸಿದರು. ಹೆಣ್ಣುಮಕ್ಕಳ ಓದು ಮೂರನೆಯ ನಾಲ್ಕನೆಯ ತರಗತಿಗೆ ನಿಲ್ಲುತ್ತಿತ್ತು. ಗೇಣಿದಾರರ ಮನೆಯ ಹುಡುಗ ನಾಟಿಯ ಕಾಲಕ್ಕೆ ಗದ್ದೆಗಿಳಿದವನು ಮತ್ತೆ ಸ್ಲೇಟು ಹಿಡಿಯುತ್ತಿದ್ದುದು ಅಪರೂಪ.

ಬಾಗಿಲು ಅಗಲವಾದದ್ದು ಸ್ವಾತಂತ್ರ್ಯದ ನಂತರ. 1956ರ ಏಕೀಕರಣದಿಂದ ಬೇರೆ ಬೇರೆ ಪ್ರಾಂತ್ಯಗಳ ಶಾಲೆಗಳು ಒಂದೇ ಇಲಾಖೆಯ ಕೆಳಗೆ ಬಂದವು. ಅಧ್ಯಾಪಕರ ಸಂಬಳಕ್ಕೆ ಭದ್ರತೆ ಬಂತು. ಕೇರ್ ಸಂಸ್ಥೆಯ ನೆರವಿನ ಉಪ್ಪಿಟ್ಟು, ಹಾಲಿನ ಪುಡಿಯ ಹಾಲು ಬಡಮಕ್ಕಳನ್ನು ಶಾಲೆಗೆ ಎಳೆದವು. 1974ರ ಭೂಸುಧಾರಣೆ ಕರಾವಳಿಯ ಗೇಣಿದಾರರನ್ನು ಭೂಮಿಯ ಒಡೆಯರನ್ನಾಗಿ ಮಾಡಿದಾಗ, ಮಕ್ಕಳನ್ನು ಗದ್ದೆಯಿಂದ ಬಿಡಿಸಿ ಶಾಲೆಗೆ ಅಟ್ಟುವ ಧೈರ್ಯ ಎಷ್ಟೋ ಮನೆಗಳಿಗೆ ಮೊದಲ ಬಾರಿ ಬಂತು. ಎಪ್ಪತ್ತು, ಎಂಬತ್ತರ ದಶಕದ ತುಂಬಿದ ತರಗತಿಗಳಲ್ಲಿ ಕೂತವರು ಈ ಮಕ್ಕಳೇ. ಇಂದು ಬೆಂಗಳೂರು, ಮುಂಬಯಿ, ಕೊಲ್ಲಿ ದೇಶಗಳಿಂದ ತಾವು ಕಲಿತ ಶಾಲೆಯ ಬಗ್ಗೆ ವಿಚಾರಿಸುತ್ತಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಆ ತಲೆಮಾರಿನವರು. ಮನೆತನದಲ್ಲೇ ಮೊದಲು ಅಕ್ಷರ ಕಲಿತವರಿಗೆ ಶಾಲೆಯ ಋಣ ಬರಿಯ ಮಾತಾಗಿ ಕಾಣದು.

ಆದರೆ ಸರ್ಕಾರದ ಕೈ ಬಲವಾದಷ್ಟೂ ಊರಿನ ಕೈ ಸಡಿಲವಾಯಿತು ಎಂಬುದೂ ನಿಜ. ಹಂಚು ಜಾರಿದರೆ ಊರವರೇ ಏಣಿ ತರುತ್ತಿದ್ದ ಕಾಲ ಹೋಗಿ, ಇಲಾಖೆಗೆ ಅರ್ಜಿ ಬರೆದು ಕಾಯುವ ಕಾಲ ಬಂತು.

ಮಕ್ಕಳು ಎಲ್ಲಿಗೆ ಹೋದರು?

ಶಾಲೆಗಳು ಬರಿದಾದದ್ದಕ್ಕೆ ಇಂಗ್ಲಿಷ್ ಮಾಧ್ಯಮದ ಮೋಹವೇ ಕಾರಣ ಎನ್ನುವುದು ವಾಡಿಕೆ. ಅದು ಅರ್ಧ ಸತ್ಯ. ಮೊದಲ ಕಾರಣ, ಮಕ್ಕಳೇ ಕಡಿಮೆಯಾದದ್ದು. ಆರೇಳು ಮಕ್ಕಳಿದ್ದ ಮನೆಯಲ್ಲಿ ಈಗ ಒಂದೋ ಎರಡೋ. ಅದರಲ್ಲೂ ಕರಾವಳಿ, ಮಲೆನಾಡಿನ ಜಿಲ್ಲೆಗಳಲ್ಲಿ ಜನನ ಪ್ರಮಾಣ ಬಹಳ ಹಿಂದೆಯೇ ಇಳಿಯಿತು. ಎರಡನೆಯದು ವಲಸೆ. ದುಡಿಯುವ ವಯಸ್ಸಿನವರು ಪೇಟೆ ಸೇರಿದ ಮೇಲೆ ಊರಿನಲ್ಲಿ ಉಳಿದದ್ದು ಅಜ್ಜ ಅಜ್ಜಿಯರು. ಮೂರನೆಯದು, ಒಂದು ಕಿಲೋಮೀಟರಿಗೊಂದು ಶಾಲೆ ಬೇಕೆಂಬ ಒಳ್ಳೆಯ ಉದ್ದೇಶದಿಂದಲೇ ಹತ್ತಿರ ಹತ್ತಿರ ತೆರೆದ ಶಾಲೆಗಳು ಇದ್ದ ಮಕ್ಕಳನ್ನು ಹಂಚಿಕೊಂಡದ್ದು.

ಇವುಗಳ ಮೇಲೆ ಇಂಗ್ಲಿಷಿನ ಬಯಕೆ ಸೇರಿತು. ಪ್ರಾಥಮಿಕ ಹಂತದಲ್ಲಿ ಮಾತೃಭಾಷೆ ಅಥವಾ ಕನ್ನಡವೇ ಮಾಧ್ಯಮವಾಗಬೇಕೆಂದು ರಾಜ್ಯ ಸರ್ಕಾರ 1994ರಲ್ಲಿ ಆಜ್ಞೆ ಹೊರಡಿಸಿತು. ಅದನ್ನು ಖಾಸಗಿ ಶಾಲೆಗಳ ಮೇಲೆ ಹೇರುವಂತಿಲ್ಲ ಎಂದು 2008ರಲ್ಲಿ ಹೈಕೋರ್ಟ್, 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತವು. ಅಷ್ಟರಲ್ಲಿ ಖಾಸಗಿ ಶಾಲೆಯ ಹಳದಿ ವ್ಯಾನು ಹಳ್ಳಿಯ ಮನೆಬಾಗಿಲಿಗೇ ಬರತೊಡಗಿತ್ತು. ಮೂರೂವರೆ ವರ್ಷಕ್ಕೆ ಎಲ್‌ಕೆಜಿಗೆ ಸೇರಿದ ಮಗು ಆರನೆಯ ವರ್ಷಕ್ಕೆ ಸರ್ಕಾರಿ ಶಾಲೆಯ ಒಂದನೇ ತರಗತಿಗೆ ಮರಳಿ ಬರುವುದುಂಟೇ?

ಇಲ್ಲಿಂದ ಮುಂದೆ ಇಳಿಜಾರು ತಾನಾಗಿಯೇ ಕಡಿದಾಗುತ್ತದೆ. ಅದರ ಗಣಿತ ಸರಳ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ಕ್ಕೆ ಮೂವರು, 120ರವರೆಗೆ ನಾಲ್ವರು. ಮಕ್ಕಳು ಕಡಿಮೆಯಾದರೆ ಉಳಿದ ಶಿಕ್ಷಕರು ‘ಹೆಚ್ಚುವರಿ’ ಎನಿಸಿ ಬೇರೆಡೆಗೆ ವರ್ಗವಾಗುತ್ತಾರೆ. ಐದು ತರಗತಿಗೆ ಇಬ್ಬರೇ ಉಳಿದಾಗ, ಒಬ್ಬರು ಸಭೆಗೋ ತರಬೇತಿಗೋ ಗಣತಿಗೋ ಹೋದ ದಿನ ಇನ್ನೊಬ್ಬರು ಐದೂ ತರಗತಿಗಳನ್ನು ಕಾಯಬೇಕು. ಇದನ್ನು ಕಂಡ ಮತ್ತಷ್ಟು ಪೋಷಕರು ಮಕ್ಕಳ ವರ್ಗಾವಣೆ ಪತ್ರ ಕೇಳುತ್ತಾರೆ. ಅನುದಾನಿತ ಶಾಲೆಗಳ ಪಾಡು ಇನ್ನೂ ಬಿಗಿ. ನಿವೃತ್ತರಾದ ಅಧ್ಯಾಪಕರ ಜಾಗ ತುಂಬಲು ಅನುಮತಿ ಸಿಗದೆ, ಆಡಳಿತ ಮಂಡಳಿಯೇ ಗೌರವಧನ ಕೊಟ್ಟು ಪಾಠ ಮಾಡಿಸುವ ಸ್ಥಿತಿ.

ಮರಳಿ ಬಂದ ಹಳೆಯ ಮಕ್ಕಳು

ಹಳೆ ವಿದ್ಯಾರ್ಥಿಗಳು ಶಾಲೆಯತ್ತ ತಿರುಗುವುದು ಸಾಮಾನ್ಯವಾಗಿ ಶತಮಾನೋತ್ಸವದ ನೆಪದಲ್ಲಿ. ಸಮಿತಿ ಆಗುತ್ತದೆ, ಊರ ಹೊರಗಿನವರ ವಿಳಾಸಗಳನ್ನು ಹುಡುಕುತ್ತಾರೆ, ಗುರುವಂದನೆ ನಡೆಯುತ್ತದೆ. ಮುಪ್ಪಿನ ಮೇಷ್ಟ್ರ ಕಾಲಿಗೆರಗುವ ಐವತ್ತು ದಾಟಿದ ಶಿಷ್ಯರ ಕಣ್ಣು ತೇವವಾಗುತ್ತದೆ. ಆ ಉತ್ಸಾಹದಲ್ಲಿ ಸಂಗ್ರಹವಾದ ಹಣದಿಂದ ಮೊದಲು ಏಳುವುದು ಸ್ವಾಗತ ಕಮಾನು, ರಂಗಮಂಟಪ, ಸ್ಮರಣ ಸಂಚಿಕೆ. ಇವು ಬೇಡವೆಂದಲ್ಲ. ಆದರೆ ಕಮಾನು ನೋಡಿ ಮಗುವನ್ನು ಶಾಲೆಗೆ ಸೇರಿಸುವ ತಾಯಿ ಎಲ್ಲಿದ್ದಾಳೆ?

ಚೇತರಿಸಿಕೊಂಡ ಶಾಲೆಗಳಲ್ಲಿ ನಡೆದದ್ದು ಬೇರೆ. ಅಲ್ಲಿ ಹಣಕ್ಕಿಂತ ಮೊದಲು ಒಂದು ಪ್ರಶ್ನೆ ಬಂತು: ಈ ಊರಿನ ಇಂದಿನ ಮಕ್ಕಳು ಬೆಳಿಗ್ಗೆ ಎಲ್ಲಿಗೆ ಹೋಗುತ್ತಿದ್ದಾರೆ, ಏಕೆ ಹೋಗುತ್ತಿದ್ದಾರೆ? ಉತ್ತರಕ್ಕೆ ತಕ್ಕಂತೆ ಕೆಲಸ. ದೂರ ಹೆಚ್ಚೆಂದರೆ ವಾಹನದ ವ್ಯವಸ್ಥೆ. ಎಲ್‌ಕೆಜಿಗಾಗಿ ಹೋಗುತ್ತಿದ್ದರೆ ಶಾಲೆಯ ಆವರಣದಲ್ಲೇ ಪೂರ್ವ ಪ್ರಾಥಮಿಕ ತರಗತಿ. ಇಂಗ್ಲಿಷಿಗಾಗಿ ಎಂದರೆ ಅದನ್ನು ಚೆನ್ನಾಗಿ ಕಲಿಸಬಲ್ಲ ಗೌರವ ಶಿಕ್ಷಕಿ. ಹೆಣ್ಣುಮಕ್ಕಳಿಗಾಗಿ ನೀರಿರುವ, ಚಿಲಕ ಬೀಳುವ ಶೌಚಾಲಯ. ಮೇ ತಿಂಗಳಿನಲ್ಲಿ ಶಿಕ್ಷಕರೂ ಹಳೆ ವಿದ್ಯಾರ್ಥಿಗಳೂ ಜೊತೆಯಾಗಿ ಮನೆಮನೆಗೆ ಹೋಗಿ ಮಕ್ಕಳನ್ನು ಕೇಳುವುದು. ಗೌರವಧನ, ವಾಹನದ ಖರ್ಚು ವರ್ಷವರ್ಷವೂ ಬರುವಂಥದ್ದು; ಆದ್ದರಿಂದ ಒಮ್ಮೆಯ ದೇಣಿಗೆಗಿಂತ ಬ್ಯಾಂಕಿನಲ್ಲಿಟ್ಟ ಶಾಶ್ವತ ನಿಧಿಯ ಬಡ್ಡಿಗೆ ಬೆಲೆ ಹೆಚ್ಚು. ಜಾಗವಿದ್ದ ಕಡೆ ಶಾಲೆಯ ಹೆಸರಿನಲ್ಲಿ ಅಡಿಕೆ, ತೆಂಗಿನ ತೋಟ ಎಬ್ಬಿಸಿ ಆದಾಯಕ್ಕೆ ದಾರಿ ಮಾಡಿದವರೂ ಇದ್ದಾರೆ.

ದಕ್ಷಿಣ ಕನ್ನಡದ ಬಂಟ್ವಾಳ ತಾಲೂಕಿನ ದಡ್ಡಲಕಾಡು ಸರ್ಕಾರಿ ಶಾಲೆಯ ಹೆಸರು ಈ ವಿಷಯದಲ್ಲಿ ಮತ್ತೆ ಮತ್ತೆ ಕೇಳಿಬರುವುದುಂಟು. ಮಕ್ಕಳ ಸಂಖ್ಯೆ ಮೂವತ್ತರೊಳಗೆ ಇಳಿದು ಮುಚ್ಚುವ ಹಂತದಲ್ಲಿದ್ದ ಆ ಶಾಲೆಯನ್ನು ಕಳೆದ ದಶಕದಲ್ಲಿ ಸ್ಥಳೀಯ ಯುವಕರ ಶ್ರೀ ದುರ್ಗಾ ಫ್ರೆಂಡ್ಸ್ ಕ್ಲಬ್ ಕೈಗೆತ್ತಿಕೊಂಡ ಮೇಲೆ, ಮಕ್ಕಳ ಸಂಖ್ಯೆಯನ್ನು ನೂರರ ಲೆಕ್ಕದಲ್ಲಿ ಎಣಿಸುವಂತಾಯಿತು. ದೊಡ್ಡ ದಾನಿಯೊಬ್ಬರ ಹೆಸರಿಗಿಂತ, ದಿನವೂ ಶಾಲೆಯ ಬೇಕು ಬೇಡ ನೋಡುವ ಜನ ಅಲ್ಲಿ ಊರಲ್ಲೇ ಇದ್ದರು ಎಂಬುದು ಗಮನಿಸಬೇಕಾದ ಅಂಶ.

ಅದೇ ಜಿಲ್ಲೆಯ ಹರೇಕಳದ ಹಾಜಬ್ಬನವರ ಕಥೆ ಇದರ ಇನ್ನೊಂದು ಮುಖ. ಮಂಗಳೂರಿನ ಬೀದಿಯಲ್ಲಿ ಕಿತ್ತಳೆ ಮಾರುತ್ತಿದ್ದ ಅವರು ಯಾವ ಶಾಲೆಯ ಹಳೆ ವಿದ್ಯಾರ್ಥಿಯೂ ಅಲ್ಲ. ವಿದೇಶೀಯರೊಬ್ಬರು ಹಣ್ಣಿನ ಬೆಲೆ ಕೇಳಿದಾಗ ಉತ್ತರಿಸಲಾಗದ ಸಂಕಟವೇ ಅವರನ್ನು ನ್ಯೂಪಡ್ಪುವಿನಲ್ಲಿ ಶಾಲೆ ತೆರೆಸಲು ಹಚ್ಚಿತು. ಅವರಿಗೆ 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಶಾಲೆಯನ್ನು ಕಂಡೇ ಇರದವರಿಗೆ ಅದರ ಬೆಲೆ ಅಷ್ಟು ತಿಳಿದಿರುವಾಗ, ಅದರ ನೆರಳಿನಲ್ಲಿ ಬೆಳೆದವರ ಹೊಣೆ ಎಷ್ಟಿರಬೇಡ?

ಕೊಡುಗೆಗೂ ಒಂದು ಮೇರೆ

ಹಾಗೆಂದು ಹಳೆ ವಿದ್ಯಾರ್ಥಿಗಳ ಹೆಗಲಿಗೆ ಎಲ್ಲವನ್ನೂ ಹೊರಿಸಿ ಸರ್ಕಾರ ಕೈತೊಳೆದುಕೊಳ್ಳುವಂತಿಲ್ಲ. ಉಳ್ಳವರು ಓದಿಹೋದ ಶಾಲೆಗೆ ಬಸ್ಸು ಬಂದೀತು, ಕಂಪ್ಯೂಟರು ಬಂದೀತು. ಕೂಲಿಕಾರರೇ ಓದಿದ, ಕೂಲಿಕಾರರ ಮಕ್ಕಳೇ ಓದುತ್ತಿರುವ ಶಾಲೆಗೆ ಯಾರು ಬರುತ್ತಾರೆ? ರಾಜ್ಯದಲ್ಲಿರುವ ಸರ್ಕಾರಿ ಪ್ರಾಥಮಿಕ ಶಾಲೆಗಳು 40 ಸಾವಿರಕ್ಕೂ ಹೆಚ್ಚು. ಅಷ್ಟಕ್ಕೂ ದಾನಿಗಳು ಸಿಗುವುದು ಆಗದ ಮಾತು.

ನೆರೆಯ ಮದರಾಸು ರಾಜ್ಯದ ಒಂದು ಉದಾಹರಣೆ ಇಲ್ಲಿ ನೆನೆಯುವಂಥದ್ದು. ಕಾಮರಾಜರು ಮುಖ್ಯಮಂತ್ರಿಯಾಗಿದ್ದಾಗ, ವಿದ್ಯಾ ಇಲಾಖೆಯ ನಿರ್ದೇಶಕರಾಗಿದ್ದ ನೆ. ದು. ಸುಂದರವಡಿವೇಲು ಅವರು 1958ರಿಂದ ಊರೂರುಗಳಲ್ಲಿ ಶಾಲಾ ಸುಧಾರಣಾ ಸಮ್ಮೇಳನಗಳನ್ನು ನಡೆಸಿದರು. ಜನ ಜಾಗ, ಕಟ್ಟಡ, ಪೀಠೋಪಕರಣ, ಪುಸ್ತಕ, ಮಕ್ಕಳಿಗೆ ಬಟ್ಟೆ ಕೊಟ್ಟರು. ಆದರೆ ಅದೇ ವರ್ಷಗಳಲ್ಲಿ ಸರ್ಕಾರ ಹೊಸ ಶಾಲೆಗಳನ್ನು ತೆರೆಯಿತು, ಅಧ್ಯಾಪಕರನ್ನು ನೇಮಿಸಿತು, ಮಧ್ಯಾಹ್ನದ ಊಟ ಹಾಕಿತು. ಜನರ ಕೊಡುಗೆ ಸರ್ಕಾರದ ಕರ್ತವ್ಯದ ಜೊತೆಗೆ ಬಂತೇ ಹೊರತು ಅದರ ಬದಲಿಗೆ ಬರಲಿಲ್ಲ. ನಮ್ಮಲ್ಲಿ ಈಚೆಗೆ ‘ನಮ್ಮ ಶಾಲೆ ನನ್ನ ಕೊಡುಗೆ’, ‘ನಮ್ಮ ಶಾಲೆ ನಮ್ಮ ಜವಾಬ್ದಾರಿ’ ಎಂಬ ಹೆಸರುಗಳಲ್ಲಿ ಸರ್ಕಾರವೇ ಹಳೆ ವಿದ್ಯಾರ್ಥಿಗಳನ್ನು ಕರೆಯುತ್ತಿದೆ. ಕರೆಯುವುದು ಒಳ್ಳೆಯದೇ. ಖಾಲಿ ಇರುವ ಶಿಕ್ಷಕರ ಹುದ್ದೆ ತುಂಬುವುದು ಮಾತ್ರ ಯಾವ ಹಳೆ ವಿದ್ಯಾರ್ಥಿಯ ಕೈಯಲ್ಲೂ ಇಲ್ಲ.

ಇನ್ನೊಂದು ಎಚ್ಚರ ಹಳೆ ವಿದ್ಯಾರ್ಥಿಗಳಿಗೇ ಬೇಕಾದದ್ದು. ಶಾಲೆ ಇಂದು ಯಾರದು? ವಿಜ್ಞಾನಿ ರಾಜಾ ರಾಮಣ್ಣ ಅವರ ನೇತೃತ್ವದ ಶಿಕ್ಷಣ ಕಾರ್ಯಪಡೆಯ ಸಲಹೆಯಂತೆ 2001ರಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಬಂದಾಗ, ಅವುಗಳ ಬಲ ಇದ್ದದ್ದು ಈಗ ಓದುತ್ತಿರುವ ಮಕ್ಕಳ ಪೋಷಕರಲ್ಲಿ. ಆ ಪೋಷಕರು ಯಾರು? ದಲಿತ ಕೇರಿಯವರು, ಬೀಡಿ ಕಟ್ಟುವವರು, ತೋಟದ ಕೆಲಸದವರು, ಕಟ್ಟಡ ಕೆಲಸಕ್ಕೆಂದು ಉತ್ತರ ಕರ್ನಾಟಕದಿಂದ ಬಂದು ನೆಲೆಸಿದವರು. ಒಂದು ಕಾಲಕ್ಕೆ ಜಗಲಿಯ ಹೊರಗೆ ನಿಂತವರ ಮೊಮ್ಮಕ್ಕಳು ಈಗ ಮೊದಲ ಬೆಂಚಿನಲ್ಲಿದ್ದಾರೆ. ಉಳ್ಳವರ ಮಕ್ಕಳು ವ್ಯಾನು ಹತ್ತಿ ಹೋದ ಮೇಲೆ ಈ ಶಾಲೆಯನ್ನು ಜೀವಂತ ಇಟ್ಟವರು ಇವರೇ. ದಾನ ಕೊಟ್ಟವರು ವೇದಿಕೆಯ ಮೇಲೆ, ಕೂಲಿ ಬಿಟ್ಟು ಬಂದ ತಾಯಿ ಕೊನೆಯ ಸಾಲಿನಲ್ಲಿ ಎಂಬಂತಾದರೆ ಹಳೆಯ ಜಗಲಿಯೇ ಹೊಸ ರೂಪದಲ್ಲಿ ಮರಳಿ ಬಂದಂತೆ.

ಅಂದಮೇಲೆ, ಶಾಲೆಯ ಪುನರುಜ್ಜೀವನ ಎಂದರೆ ಹಳೆಯ ಕಾಲವನ್ನು ಮರಳಿ ತರುವುದಲ್ಲ. ಹಳೆಯ ಒಪ್ಪಂದವನ್ನು ಇಂದಿನ ಮಕ್ಕಳಿಗಾಗಿ ಮತ್ತೆ ಬರೆಯುವುದು. ಅದರಲ್ಲಿ ಸರ್ಕಾರದ ಪಾಲು ಶಿಕ್ಷಕರು. ಪೋಷಕರ ಪಾಲು ನಂಬಿಕೆ ಮತ್ತು ನಿಗಾ. ಹಳೆ ವಿದ್ಯಾರ್ಥಿಗಳ ಪಾಲು ಹಣ, ತಿಳಿವಳಿಕೆ ಮತ್ತು ಇಲಾಖೆಯ ಬಾಗಿಲು ತಟ್ಟುವ ದನಿ. ಬೀಡಿ ಕಟ್ಟುವ ತಾಯಿಯ ಅರ್ಜಿ ಕಚೇರಿಯ ಮೇಜಿನ ಮೇಲೆ ವರ್ಷಗಟ್ಟಲೆ ಕೂರಬಹುದು. ಅದೇ ಶಾಲೆಯಲ್ಲಿ ಓದಿ ಡಾಕ್ಟರರೋ ವಕೀಲರೋ ಅಧಿಕಾರಿಯೋ ಆದವರು ಆಕೆಯ ಜೊತೆಗೆ ಹೋಗಿ ನಿಂತರೆ ಎರಡನೆಯ ಶಿಕ್ಷಕರ ವರ್ಗಾವಣೆ ನಿಲ್ಲಬಹುದು. ಇದಕ್ಕೆ ಕಾಸಿನ ಖರ್ಚಿಲ್ಲ, ಯಾವ ಗೋಡೆಯ ಮೇಲೂ ಹೆಸರು ಬರುವುದಿಲ್ಲ. ಜೂನ್ ತಿಂಗಳಿನ ದಾಖಲಾತಿ ಪುಸ್ತಕದಲ್ಲಿ ನಾಲ್ಕು ಹೆಸರು ಹೆಚ್ಚು ಇದ್ದರೆ, ಕೆಲಸ ಆಗಿದೆ ಎಂದು ತಿಳಿಯಬಹುದು.